ಪರದೆಯ ಹಿಂದೆ ಏಳನೆಯವರು

ಎಲ್ಲಕ್ಕೂ ಕಾರಣ ಒಂದು ಕಪ್ಪು ಪರದೆ. ವಾದ್ಯವೃಂದದಲ್ಲಿ ಹಳಬರು ಹೊಸಬರು ಎನ್ನದೆ ಎಲ್ಲರೂ ತಮ್ಮ ಕುರ್ಚಿಗಾಗಿ ಮತ್ತೆ ಪರೀಕ್ಷೆ ಕೊಡಬೇಕು, ಮುಖ ಕಾಣದ ಹಾಗೆ ಪರದೆ ಕಟ್ಟಬೇಕು, ಹೆಸರಿನ ಬದಲು ಸಂಖ್ಯೆ ಕೊಡಬೇಕು ಎಂದು ಹೊಸ ಆಡಳಿತ ಮಂಡಳಿ ನೋಟಿಸ್ ಹಚ್ಚಿತ್ತು. ಹೆಚ್ಚು ಅಂಕ ಬಂದವರಿಗೆ ಮೊದಲ ಕುರ್ಚಿ, ಕಡಿಮೆ ಬಂದವರಿಗೆ ಬಾಗಿಲು. ಇದು ನ್ಯಾಯವೇ ಎಂದು ಎಲ್ಲರೂ ಒಪ್ಪಿದರು. ಹಾರ್ನಮ್ಮ ಒಪ್ಪಲಿಲ್ಲ.

ಹಾರ್ನಮ್ಮ ಇಪ್ಪತ್ತೆರಡು ವರ್ಷಗಳಿಂದ ಮೊದಲ ಫ್ರೆಂಚ್ ಹಾರ್ನ್ ಕುರ್ಚಿಯಲ್ಲಿ ಕೂತವಳು. ಬಸವನಹುಳುವಿನ ಹಾಗೆ ಸುತ್ತಿಕೊಂಡ ಆ ಹಿತ್ತಾಳೆ ವಾದ್ಯ ಹೆಂಗಸರ ಉಸಿರಿಗೆ ಒಗ್ಗುವುದಲ್ಲ ಎಂದವರ ಮುಂದೆಯೇ ಊದಿ ತೋರಿಸಿದವಳು. ಸಂಗೀತ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಸ್ವಂತ ಕೃತಿಗಳನ್ನೂ ರಚಿಸಿದ್ದಳು. ಆ ಕುರ್ಚಿಯಲ್ಲಿ ಕೂತಷ್ಟು ಹೊತ್ತು ಮಾತ್ರ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ. ಅದು ಹೋದರೆ ಉಳಿಯುವವಳು ಯಾರು ಎಂಬುದನ್ನು ಅವಳು ಯೋಚಿಸಲು ಹೋಗಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ನೋಟಿಸನ್ನು ಐದನೇ ಸಲ ಓದಿ ಗಂಡನ ಮುಂದೆ ಹಿಡಿದಳು.

"ರೀ, ಪರೀಕ್ಷೆಗೆ ನುಡಿಸೋಕೆ ನಾನೇ ಬರೆದ ಕೃತಿ ಇಟ್ಟಿದಾರೆ. ಯಾಕಿರಬಹುದು?"

"ಚೆನ್ನಾಗಿದೆ ಅಂತ."

"ಅಷ್ಟೇನಾ?"

"ಮೊಸರಲ್ಲಿ ಕಲ್ಲು ಹುಡುಕ್ಬೇಡ್ವೇ. ಹೋಗಿ ಊದಿ ಬಾ."

ಆ ಕಲ್ಲನ್ನು ತಂದು ಕೈಗಿಟ್ಟವನು ನಗಾರಿ. ವಾದ್ಯವೃಂದದಲ್ಲಿ ದೊಡ್ಡ ನಗಾರಿ ಬಾರಿಸುವ ಅವನಿಗೆ, ವರ್ಷಕ್ಕೆ ನೂರು ಪೆಟ್ಟು ಹೊಡೆದ ಮೇಲೆ ಉಳಿದ ಸಮಯವೆಲ್ಲ ಕಿವಿಗೆ ಮೀಸಲು. ಎಂಟು ಗಂಟೆಗೇ ಫೋನ್ ಮಾಡಿದ.

"ಅಕ್ಕಾ, ನಾನು ಹೇಳ್ದೆ ಅಂತ ಹೇಳ್ಬೇಡಿ. ನಿನ್ನೆ ನಮ್ಮ ನಿರ್ದೇಶಕರು ಪರೀಕ್ಷೆಯ ಇನ್ನಿಬ್ಬರು ತೀರ್ಪುಗಾರರ ಹತ್ರ ಮಾತಾಡ್ತಿದ್ರು. 'ಅವರದೇ ಕೃತಿ ಇಟ್ಟಿದೀವಿ, ಎರಡು ಸಾಲು ಊದಿದ್ರೆ ಸಾಕು, ಗೊತ್ತಾಗ್ಬಿಡುತ್ತೆ' ಅಂದ್ರು. ನಾನು ಒಳಗೆ ಹೋದೆ. ಮೂರೂ ಜನ ಗಪ್‌ಚಿಪ್!"

"ಗೊತ್ತಾದ್ರೆ ಏನು ಮಾಡ್ತಾರಂತೆ?"

"ಅದನ್ನ ಬೇರೆ ಬಿಡಿಸಿ ಹೇಳ್ಬೇಕಾ? ಇಪ್ಪತ್ತೆರಡು ವರ್ಷ ಆಯ್ತಲ್ಲಕ್ಕಾ ನಿಮಗೆ."

ಹಾರ್ನಮ್ಮನ ತಲೆಯಲ್ಲಿ ಸಂಶಯದ ಹುಳ ಸಂಸಾರ ಹೂಡಿತು. ಸಂಗೀತ ಶಾಲೆಯ ಪಾಲಕರ ಸಭೆಗೆ ಬಂದಿದ್ದ ನಿರ್ದೇಶಕರು ತನ್ನನ್ನು ಹೊಗಳಿದ್ದೇಕೆ? ಹೋದ ತಿಂಗಳು ಆರೋಗ್ಯ ವಿಚಾರಿಸಿದ್ದೇಕೆ? ಹೊರಗೆ ಕಳಿಸುವವರು ತಾನೇ ಆರೋಗ್ಯ ವಿಚಾರಿಸುವುದು!

ಅವರು ಹಿಡಿಯುವುದು ತನ್ನ ನಾದವನ್ನಾದರೆ, ಇವತ್ತು ಆ ನಾದವನ್ನು ಮನೆಯಲ್ಲೇ ಬಿಟ್ಟು ಹೋಗುವುದೇ ಸರಿ. ಮೆಲ್ಲಗೆ ಹುಟ್ಟಿ, ಹಿಗ್ಗಿ, ಮಂಜಿನ ಹಾಗೆ ಕರಗುವುದು ಅವಳ ಶೈಲಿ. ಬಾಗಿಲು ಹಾಕಿಕೊಂಡು ಅದಕ್ಕೆ ತದ್ವಿರುದ್ಧವಾಗಿ ಊದತೊಡಗಿದಳು. ಮೆಲ್ಲಗೆ ಇರಬೇಕಾದಲ್ಲಿ ಜೋರು, ನಿಲ್ಲಬೇಕಾದಲ್ಲಿ ಓಟ. ತಾನು ಆರು ತಿಂಗಳು ನಿದ್ದೆಗೆಟ್ಟು ಬರೆದ ಸ್ವರಗಳು ಲಾರಿ ಹಿಂದಕ್ಕೆ ಬಂದ ಹಾಗೆ ಹೊರಬಿದ್ದವು. ಹೆತ್ತ ಮಗುವಿನ ಕೆನ್ನೆಗೆ ತಾನೇ ಬಾರಿಸಿದಷ್ಟು ಸಂಕಟವಾಯಿತು.

ಕೆಳಮನೆಯಾಕೆ ಮೆಟ್ಟಿಲು ಹತ್ತಿ ಬಂದಳು. "ನಿಮ್ಮನೇಲಿ ಯಾರು ಬಂದಿದಾರ್ರೀ? ನೀವು ಊದಿದ್ರೆ ನಮ್ಮ ಮಗು ಮಲಗ್ತಿತ್ತು. ಇವರು ಊದಿದ್ದಕ್ಕೆ ಹೆದರಿ ಮಂಚದ ಕೆಳಗೆ ಹೋಗಿದೆ!"

ಹಾರ್ನಮ್ಮನಿಗೆ ಆಕೆಯನ್ನು ತಬ್ಬಿಕೊಳ್ಳಬೇಕೆನ್ನಿಸಿತು. "ದೂರದ ಸಂಬಂಧಿ. ಸಂಜೆ ಹೋಗ್ತಾರೆ" ಎಂದಳು.

ಅಷ್ಟಕ್ಕೇ ನಿಲ್ಲಲಿಲ್ಲ. ತನ್ನ ಹಾರ್ನಿನ ದನಿಯೂ ಗುರುತಾದೀತೆಂದು ಶಾಲೆಗೆ ಹೋಗಿ, ಮಕ್ಕಳು ಬೀಳಿಸಿ ಬೀಳಿಸಿ ಸೊಟ್ಟಗಾಗಿದ್ದ ಹಳೆಯದೊಂದನ್ನು ಎತ್ತಿಕೊಂಡಳು. ಹೆಜ್ಜೆ ಸಪ್ಪಳ ಗಂಡಸಿನದೆನ್ನಿಸಲೆಂದು ಗಂಡನ ಬೂಟು ಹಾಕಿಕೊಂಡಳು. ಮೊದಲ ಮೆಟ್ಟಿಲಿನಲ್ಲೇ ಒಂದು ಬೂಟು ಕಾಲು ಬಿಟ್ಟು ಮುಂದೆ ಹೋಯಿತು. ಒಳಗೆ ಕಾಗದ ತುರುಕಿ ಕುಂಟುತ್ತಾ ಸಭಾಂಗಣ ಸೇರಿದಳು.

ಮೊಗಸಾಲೆಯಲ್ಲಿ ಅವಳ ಶಿಷ್ಯೆ ಕೂತಿದ್ದಳು. ಹನ್ನೊಂದು ವರ್ಷ ಅವಳ ಬಳಿ ಕಲಿತವಳು. ಗುರುವನ್ನು ಕಂಡು ಎದ್ದು ನಿಂತಳು. "ಮೇಡಂ, ಕಾಲಿಗೆ ಏನಾಯ್ತು?"

"ಏನಿಲ್ಲ. ನೀನ್ಯಾಕೆ ಇಲ್ಲಿ?"

"ಕೊನೇ ಕುರ್ಚಿ ಸಿಕ್ರೂ ಸಾಕು ಅಂತ ಬಂದೆ. ನಿಮ್ಮ ಪಕ್ಕ ಕೂರೋ ಆಸೆ."

ಪಕ್ಕ ಕೂತು ಏನು ಮಾಡುವ ಉಪಾಯವೋ ಎಂದುಕೊಂಡ ಹಾರ್ನಮ್ಮ ತನ್ನ ಸಂಖ್ಯೆಯ ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ದೂರ ಹೋಗಿ ಕೂತಳು.

ಸಂಖ್ಯೆ ಕರೆದಾಗ ಧಡ್ ಧಡ್ ಎಂದು ನಡೆದು ಹೋಗಿ ಪರದೆಯ ಹಿಂದೆ ನಿಂತು ಊದಿದಳು. ಹಾಗೆ ಊದಿದ ಶಿಷ್ಯರನ್ನು ಅವಳು ತರಗತಿಯಿಂದ ಆಚೆ ಕಳಿಸಿದ್ದುಂಟು. ಆಚೆ ಕಡೆಯಿಂದ ಯಾರೋ ನಿಟ್ಟುಸಿರು ಬಿಟ್ಟರು. ಗುರುತು ಸಿಗಲಿಲ್ಲ, ಗೆದ್ದೆ, ಎಂದುಕೊಂಡಳು.

ನಾಲ್ಕು ಗಂಟೆಗೆ ನಿರ್ದೇಶಕರು ಬಾಗಿಲು ತೆರೆದು ನೇರ ಅವಳತ್ತ ಬಂದರು. ಮುಖ ಅರಳಿತ್ತು.

"ಹಾರ್ನಮ್ಮಾ, ಇನ್ನು ಹೇಳಬಹುದು! ವಯಸ್ಸಾಯ್ತು ಅಂತ ಮಂಡಳಿಯವರು ನಿಮ್ಮನ್ನ ತೆಗೆಯೋಕೆ ಹೊಂಚು ಹಾಕಿದ್ರು. ನಾವು ಮೂವರೂ ಮಾತಾಡಿಕೊಂಡು, ನಿಮ್ಮ ಗುರುತು ಹತ್ತಲಿ ಅಂತಾನೇ ನಿಮ್ಮ ಕೃತಿ ಇಡಿಸಿದ್ವಿ. ಎರಡೇ ಸಾಲಿಗೆ ಗೊತ್ತಾಯ್ತು ನೋಡಿ. ಆಹಾ, ಆ ಉಸಿರು, ಆ ಮಂಜು ಕರಗೋ ಹಾಗೆ ಕರಗೋದು! ನಾಲ್ಕನೇ ನಂಬರಿಗೆ ಮೂರೂ ಜನ ಪೂರ್ತಿ ಅಂಕ ಕೊಟ್ಟು, ಸಹಿ ಹಾಕಿ, ಮಂಡಳಿಗೆ ಕಳಿಸಿಯೂ ಆಯ್ತು. ಇನ್ನು ಬ್ರಹ್ಮ ಬಂದರೂ ತಿದ್ದೋಕಾಗಲ್ಲ!"

ಹಾರ್ನಮ್ಮ ಬಾಯಿ ತೆರೆದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಉಸಿರು ಸಿಗಲಿಲ್ಲ.

ಹಿಂದಿನಿಂದ ಶಿಷ್ಯೆ ಚೀಟಿ ಹಿಡಿದು ಬಂದಳು. "ಸರ್... ನಾಲ್ಕು ನಂದು. ಮೇಡಂ ಹೇಗೆ ಊದ್ತಾರೋ ಹಾಗೇ ಊದಿದೆ. ನನಗೆ ಬೇರೆ ಥರ ಬರೋದೇ ಇಲ್ಲ."

ನಿರ್ದೇಶಕರ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಹಾಗಾದ್ರೆ... ನಿಮ್ಮದು?"

ಹಾರ್ನಮ್ಮ ಮುಷ್ಟಿ ಬಿಡಿಸಿದಳು. ಚೀಟಿಯಲ್ಲಿ ಏಳು ಎಂದಿತ್ತು. ಅವರು ಗಾಬರಿಯಿಂದ ಪರೀಕ್ಷೆ ಕೊಟ್ಟವರಿಗೆ ಹಂಚಲು ಕೈಯಲ್ಲಿದ್ದ ಷರಾ ಹಾಳೆಗಳನ್ನು ಬೆನ್ನ ಹಿಂದೆ ಅಡಗಿಸಲು ನೋಡಿದರು. ಅವಳು ಬಿಡಲಿಲ್ಲ. ಅವರಲ್ಲಿ ಇನ್ನೂ ಏನೋ ಮಸಲತ್ತು ಇರಬೇಕೆಂಬ ಅನುಮಾನ ಅವಳಿಗೆ. ಏಳನೇ ಹಾಳೆಯನ್ನು ಕಿತ್ತುಕೊಂಡು ಓದಿದಳು.

'ಈ ಮಹಾಶಯರಿಗೆ ಕೃತಿಯ ತಲೆಬುಡ ಅರ್ಥವಾಗಿಲ್ಲ. ಕೃತಿಕಾರರು ಕೇಳಿದ್ದರೆ ಅತ್ತುಬಿಡುತ್ತಿದ್ದರು. ನಮ್ಮ ಹಾರ್ನಮ್ಮನವರ ಬಳಿ ಎರಡು ವರ್ಷ ಕಲಿತು ಮತ್ತೆ ಬರುವುದು.'