ಅತ್ತೆಯ ಬಾಯಿ, ನನ್ನ ಪವರ್‌ಹೌಸು

ಏನೂ ತಿಳಿಯದವನಿಗಿಂತ ಅರ್ಧ ತಿಳಿದವನೇ ಮನೆಗೆ ಹೆಚ್ಚು ಅಪಾಯ. ನಾನು ಹೊಸಪೇಟೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಮೈಟೊಕಾಂಡ್ರಿಯ ಎಂದರೆ ಜೀವಕೋಶದ ಪವರ್‌ಹೌಸು ಎಂದು ವರ್ಷವರ್ಷವೂ ಹೇಳುತ್ತಿದ್ದೆ. ಅಣೆಕಟ್ಟಿನ ಮಗ್ಗುಲಿನ ಊರು; ಪವರ್‌ಹೌಸೆಂದರೆ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಹುಡುಗರು ತಲೆಯಾಡಿಸುತ್ತಿದ್ದರು, ನಾನು ಪಂಡಿತನೆಂದು ನಾನೇ ನಂಬಿದ್ದೆ. ಆ ನಂಬಿಕೆಯನ್ನು ಕಾಲೇಜಿನ ಗೇಟಿನಲ್ಲೇ ಬಿಟ್ಟು ಬರಬೇಕಿತ್ತು, ಮನೆಗೂ ತಂದೆ.

ಆ ಸಲ ಕಂಪ್ಲಿಯಿಂದ ನಮ್ಮತ್ತೆ ಬಂದಿದ್ದರು. ಸಕ್ಕರೆ ಕಾಯಿಲೆಯವರು. ಬಾಯೊಳಗೆಲ್ಲ ಮೊಸರಿನ ಕೆನೆಯಂಥ ಬಿಳಿ ಪದರ ಕಟ್ಟಿತ್ತು. ಡಾಕ್ಟರು ನೋಡಿ, ಇದು ಯೀಸ್ಟಿನ ಕಾಟ, ಎರಡು ವಾರ ಮಾತ್ರೆ ತಪ್ಪಿಸಬಾರದು ಎಂದರು. ಬ್ರೆಡ್ಡು ಉಬ್ಬಿಸುವ ಯೀಸ್ಟಿನ ದಾಯಾದಿ ಅದು. ವಾರದಲ್ಲಿ ಬಿಳುಪು ಹೋಯಿತು, ಆದರೆ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಅತ್ತೆಯ ದೂರು. ನಾನು ಅವರ ನಾಲಿಗೆಯನ್ನು ಹತ್ತಿಯಿಂದ ಒರೆಸಿ ಒಯ್ದು, ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ತಟ್ಟೆಯ ಮೇಲೆ ಬೆಳೆಸಿ ನೋಡಿದೆ. ಸಾಸಿವೆಗಿಂತ ಸಣ್ಣ ನಾಲ್ಕಾರು ಚುಕ್ಕೆಗಳು. ಮೈಟೊಕಾಂಡ್ರಿಯ ಕೆಟ್ಟ ಯೀಸ್ಟು ಹೀಗೆ ಕುಳ್ಳಾಗಿ ಬೆಳೆಯುತ್ತದೆ ಎಂದು ಓದಿದ್ದೆ. ಮುಂದಿನ ಪುಟ ಓದಿರಲಿಲ್ಲ.

“ಅವುಗಳ ಪವರ್‌ಹೌಸ್ ಕೆಟ್ಟೈತ್ರಿ ಅತ್ತ್ಯಾರ, ಇನ್ನ ತಾವಾಗೇ ಸಾಯ್ತಾವ. ಮಾತ್ರಿ ಬ್ಯಾಡ,” ಎಂದೆ.

“ಡಾಕ್ಟರ್ರನ್ನ ಒಂದ್ ಮಾತು ಕೇಳ್ರಿ,” ಎಂದಳು ಹೆಂಡತಿ.

“ನೀ ಸುಮ್ಕಿರು. ಅಳಿಯಾರು ಇದನ್ನ ಓದಿದವರು,” ಎಂದು ಅತ್ತೆ ಮಗಳ ಬಾಯಿ ಮುಚ್ಚಿಸಿದರು. ನನಗೆ ಭಾಳ ಹಿತವಾಯಿತು.

ಮಾತ್ರೆ ಬಿಟ್ಟ ನಾಲ್ಕನೆಯ ಬೆಳಗ್ಗೆ ಅತ್ತೆ ಕಾಫಿ ಲೋಟ ಪಕ್ಕಕ್ಕೆ ಸರಿಸಿದರು. ಬಿಳಿ ಪದರ ಮತ್ತೆ ಕಟ್ಟಿ ಗಂಟಲಿಗಿಳಿದಿತ್ತು. ಗುಟುಕು ನೀರು ನುಂಗಿದರೂ ಕಣ್ಣಲ್ಲಿ ನೀರು. ಆಟೋ ಹತ್ತಿಸಿದೆವು, ರೈಲ್ವೆ ಗೇಟು ಹಾಕಿತ್ತು. ಅದಿರಿನ ಗೂಡ್ಸು, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಲಕ್ಷಣವೇ ಇಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು, ಆ ಕೈ ಕಾದ ಹಂಚಿನಂತಿತ್ತು. ಇವರಿಗೇನಾದರೂ ಆದರೆ ನಾನು ಹೆಂಡತಿಯ ಮುಖ ನೋಡುವುದು ಹೇಗೆ ಎಂದು ಹೆದರಿ ಕೂತೆ. ಒಂದು ಮಾತನ್ನಾದರೂ ಬೈದಿದ್ದರೆ ಚೆನ್ನಾಗಿತ್ತು, ಅವರು ಬೈಯಲಿಲ್ಲ.

“ಮಾತ್ರಿ ಬಿಡಿಸಿದವರು ಯಾರು?” ಡಾಕ್ಟರು ಕೇಳಿದರು.

“ನಾನ್ರಿ,” ಎಂದು ಪವರ್‌ಹೌಸಿನ ಕಥೆ ಹೇಳಿದೆ.

“ಸಣ್ಣಾಗಿ ಬೆಳದ್ರ ಸತ್ತಂಗಲ್ರಿ ಮೇಷ್ಟ್ರ. ಪವರ್‌ಹೌಸ್ ಕೆಟ್ರೂ ಅವು ಸಕ್ಕರಿ ಹುಳಿಸಿಕೊಂಡು ಬದುಕ್ತಾವ. ಅಂಥಾವಕ್ಕ ಕೆಲವು ಔಷಧ ನಾಟೂದೂ ಇಲ್ಲ.”

ಹೆಂಡತಿ ನನ್ನ ಕಡೆ ತಿರುಗಿದಳು. “ನಮ್ಮೂರಾಗ ದಿನಾ ಕರೆಂಟ್ ಹೋಗ್ತೈತಿ. ನಾವೇನು ಸತ್ತೀವೇನ್ರಿ?”

ಓದದೆ ಬಿಟ್ಟ ಪುಟದಲ್ಲಿ ಇದ್ದದ್ದು ಇಷ್ಟೇ.

ಬೇರೆ ಔಷಧ ಹಾಕಿದರು. ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನಗೂ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಅತ್ತೆ ಅರ್ಧ ಲೋಟ ಗಂಜಿ ಕುಡಿದಾಗ, ನಾನು ವರಾಂಡಕ್ಕೆ ಹೋಗಿ ಕಣ್ಣೊರೆಸಿಕೊಂಡೆ.

ಔಷಧವೆಲ್ಲ ಮುಗಿದ ದಿನ ಅವರು ಬಾಗಿಲ ಬೆಳಕಿಗೆ ಬಂದು ಬಾಯಿ ತೆರೆದರು. “ನೋಡ್ರಿ ಅಳಿಯಾರ, ವಾಸಿ ಆಗೈತೇನು?”

ಬಾಯಿ ಚೊಕ್ಕವಾಗಿತ್ತು. ಆದರೂ, “ನನಗೇನು ತಿಳೀತೈತ್ರಿ? ಡಾಕ್ಟರ್ರಿಗೆ ತೋರಿಸೂಣು,” ಎಂದೆ.

“ನಿಮ್ಮ ಬಾಯಾಗ ಈ ಮಾತು ಬರಬೇಕಂದ್ರ,” ಎಂದರು ಅತ್ತೆ, “ನನ್ನ ಬಾಯಿ ಎರಡು ಸಲ ಕೆಡಬೇಕಾತು ನೋಡ್ರಿ.”