ಅಕ್ಕನ ಅಡುಗೆಮನೆಗೆ ಹಾಕದೆ ಬಿಟ್ಟ ತೂತು

ಕೋಲಾರದಿಂದ ಮಾಲೂರಿನವರೆಗೆ ನಾನು ತೂತು ಕೊರೆಯದ ಕಾರ್ಖಾನೆ ಕಡಿಮೆ. ಒಂದೂವರೆ ಅಡಿ ದಪ್ಪದ ಕಾಂಕ್ರೀಟಿಗೂ ಹಲಸಿನ ಹಣ್ಣಿಗೆ ಚಾಕು ಹಾಕಿದಷ್ಟು ಸಲೀಸಾಗಿ ತೂತು ಹಾಕಿಕೊಟ್ಟಿದ್ದೇನೆ. ಆದರೆ ಸುಗಟೂರಿನಲ್ಲಿರುವ ನನ್ನ ಒಡಹುಟ್ಟಿದ ಅಕ್ಕನ ಅಡುಗೆಮನೆಯ ಚಾವಣಿಗೆ ಅಂಗೈಯಗಲದ ಒಂದು ಬೆಳಕಿಂಡಿ ಮಾಡಿಕೊಡುವುದು ಇಷ್ಟು ವರ್ಷ ನನ್ನಿಂದ ಆಗಲಿಲ್ಲ. ಆಗಲಿಲ್ಲ ಎನ್ನುವುದೂ ಸುಳ್ಳೇ. ಮಾಡಲಿಲ್ಲ. ಈ ಕಸುಬಿಗೇ ಹೆಚ್ಚು ಮರ್ಯಾದೆಯಿಲ್ಲ ಬಿಡಿ. ಕಟ್ಟುವವನಿಗೆ ಮೇಸ್ತ್ರಿ ಎಂಬ ಹೆಸರಿದೆ, ಗೃಹಪ್ರವೇಶದ ದಿನ ಪಂಚೆ ಶಲ್ಯ ಕೊಡುತ್ತಾರೆ. ತೂತು ಕೊರೆಯುವವನನ್ನು ಗೃಹಪ್ರವೇಶಕ್ಕೆ ಯಾರೂ ಕರೆಯುವುದಿಲ್ಲ. ಕಾಂಕ್ರೀಟ್ ಹಾಕುವಾಗ ಪೈಪಿಗೆ ದಾರಿ ಬಿಡುವುದನ್ನು ಯಾರೋ ಮರೆತಿರುತ್ತಾರೆ, ಆಮೇಲೆ ತಲೆ ಚಚ್ಚಿಕೊಂಡು ನಮಗೆ ಫೋನು ಮಾಡುತ್ತಾರೆ. ಪರರ ಮರೆವಿನಿಂದಲೇ ನನ್ನ ಮನೆಯ ಒಲೆ ಉರಿಯುವುದು. ಅವರೆಲ್ಲರ ಮರೆವಿಗೂ ನಾನು ಮೀಸೆಯಡಿ ನಕ್ಕಿದ್ದೇನೆ.

ನಮ್ಮ ಮೆಷಿನ್ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಂದು ಮೋಟರು, ಅದರ ತುದಿಗೆ ಉಕ್ಕಿನ ಕೊಳವೆ, ಕೊಳವೆಯ ಬಾಯಿಗೆ ವಜ್ರದ ಪುಡಿ ಸೇರಿಸಿ ಮಾಡಿದ ಹಲ್ಲುಗಳು. ವಜ್ರ ಎಂದ ಕೂಡಲೇ ನನ್ನ ಹೆಂಡತಿ ಕಣ್ಣರಳಿಸಿ ಓಡಿಬಂದಳು. ತೋರಿಸಿದೆ. "ಇದನ್ನ ಕಿವಿಗೆ ಹಾಕ್ಕೊಳ್ಳೋಕಾಗುತ್ತೇನ್ರೀ?" ಎಂದು ಕೇಳಿ ಒಳಗೆ ಹೋದವಳು ಅವತ್ತೆಲ್ಲ ಮಾತಾಡಲಿಲ್ಲ. ಕೊರೆಯುವಾಗ ನೀರು ಬಿಡುತ್ತಲೇ ಇರಬೇಕು, ಇಲ್ಲದಿದ್ದರೆ ಹಲ್ಲು ಸುಟ್ಟುಹೋಗುತ್ತದೆ. ನಡುವೆ ಕಬ್ಬಿಣದ ಕಂಬಿ ಸಿಕ್ಕಿದರೆ ಮೆಷಿನ್ ಹಲ್ಲು ಕಡಿಯುತ್ತದೆ, ಅದರ ದನಿಯೇ ಬೇರೆ. ಕೊನೆಗೆ ಕಾಂಕ್ರೀಟಿನ ಉರುಟು ತುಂಡೊಂದು ಬಾಳೆದಿಂಡಿನ ಹಾಗೆ ಜಾರಿ ಬೀಳುತ್ತದೆ.

ಬೆಳಕಿಂಡಿಯ ಆಸೆ ಅಕ್ಕನಿಗೆ ಹುಟ್ಟಿದ್ದು ದೇವರಾಯಸಮುದ್ರದ ನಮ್ಮ ಹಳೆಯ ಮನೆಯಿಂದ. ಮಣ್ಣಿನ ಮಾಳಿಗೆ ಅದು. ಅಡುಗೆಮನೆಗೆ ಕಿಟಕಿ ಇರಲಿಲ್ಲ, ಒಲೆಯ ಮೇಲೆ ಒಂದು ಗವಾಕ್ಷಿ ಇತ್ತು. ಬೆಳಗ್ಗೆ ಹೊಗೆಯೊಳಗೆ ಬಿಸಿಲು ಇಳಿದು ಕೋಲಿನ ಹಾಗೆ ನಿಲ್ಲುತ್ತಿತ್ತು. ಅಕ್ಕ ಅದರೊಳಗೆ ಎರಡೂ ಕೈ ಹಿಡಿದು, "ನೋಡೋ ಸೀನ, ಕೈ ತೊಳ್ಕೊಂಡೆ" ಎಂದು ಅಮ್ಮನ ಕಣ್ಣು ತಪ್ಪಿಸಿ ಊಟಕ್ಕೆ ಕೂರುತ್ತಿದ್ದಳು. ಅಮ್ಮನಿಗೆ ಗಡಿಯಾರವೂ ಅದೇ. "ಬಿಸಿಲು ಒರಳಿಗೆ ಬಂತು, ಸ್ಕೂಲಿಗೆ ಹೊರಡ್ರೋ" ಎನ್ನುತ್ತಿದ್ದಳು. ಮೋಡ ಮುಚ್ಚಿದ ದಿನ ಒರಳಿಗೆ ಬಿಸಿಲು ಬರುತ್ತಿರಲಿಲ್ಲ, ನಾನೂ ಸ್ಕೂಲಿಗೆ ಹೋಗುತ್ತಿರಲಿಲ್ಲ. ನನ್ನ ಓದು ಏಳನೇ ಕ್ಲಾಸಿಗೆ ನಿಂತದ್ದರಲ್ಲಿ ಮೋಡಗಳ ಪಾಲೂ ಇದೆ. ಒಂದು ಸಲ ಪಕ್ಕದ ಮನೆಯ ಬಿಳಿ ಬೆಕ್ಕು ಗವಾಕ್ಷಿಯಿಂದ ಜಾರಿ ನೇರವಾಗಿ ರಾಗಿ ಹಿಟ್ಟಿನ ಮಡಕೆಗೆ ಬಿತ್ತು. ಹೊರಗೆ ಬಂದಾಗ ಅದರ ಬಣ್ಣ ನೋಡಿ, ಸಾಕಿದವಳೇ "ಇದು ನಮ್ದಲ್ಲ" ಎಂದುಬಿಟ್ಟಳು. ಆ ಬೆಕ್ಕು ಆಮೇಲೆ ನಮ್ಮ ಮನೆಯಲ್ಲೇ ಉಳಿಯಿತು. ಈಗ ಆ ಬೆಕ್ಕೂ ಇಲ್ಲ, ಮಾಳಿಗೆಯೂ ಇಲ್ಲ, ಅಮ್ಮನೂ ಇಲ್ಲ.

ಅಕ್ಕನನ್ನು ಸುಗಟೂರಿಗೆ ಕೊಟ್ಟೆವು. ಭಾವನದು ಹಿಪ್ಪುನೇರಳೆ ತೋಟ, ರೇಷ್ಮೆ ಸಾಕಣೆ. ಹೊಸ ಮನೆ ಕಟ್ಟಿಸುವಾಗ ಹುಳು ಸಾಕುವ ಕೋಣೆಗೆ ಗಾಳಿ ಬೆಳಕು ಬೇಕೆಂದು ಎರಡು ಕಿಟಕಿ ಇಡಿಸಿದರು. ಅಡುಗೆಮನೆ ಆ ಕೋಣೆಗೂ ಪಕ್ಕದ ರತ್ನಮ್ಮನ ಮನೆಯ ಗೋಡೆಗೂ ನಡುವೆ ಸಿಕ್ಕಿಹಾಕಿಕೊಂಡಿತು. ಅಕ್ಕ ಜಗಳ ಮಾಡಲಿಲ್ಲ. ಆಗ ನಾನು ಕಾಂಕ್ರೀಟಿಗೆ ಹಲಗೆ ಕೊಡುವ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ನನ್ನನ್ನು ಕರೆದು, "ಬೇರೇನೂ ಬೇಡ ಕಣೋ, ಒಲೆ ಮೇಲೆ ಅಮ್ಮನ ಮನೇಲಿದ್ದಂಗೆ ಒಂದು ಗವಾಕ್ಷಿ ಬಿಡ್ಸು" ಎಂದಳು. ಮೇಸ್ತ್ರಿ ಒಪ್ಪಿದರು. ಆ ಜಾಗದಲ್ಲಿ ಕಂಬಿ ಕಟ್ಟದೆ ಬಿಟ್ಟು, ಎಣ್ಣೆಯ ಖಾಲಿ ಟಿನ್ನಿಗೆ ಮರಳು ತುಂಬಿ ಅಲ್ಲಿಟ್ಟರೆ ಕಾಂಕ್ರೀಟ್ ಸುತ್ತಲೂ ನಿಲ್ಲುತ್ತದೆ, ಆಮೇಲೆ ಟಿನ್ ತೆಗೆದರೆ ಬೆಳಕಿಂಡಿ. ಟಿನ್ ಕಾಯುವುದು ನನ್ನ ಕೆಲಸ.

ನಮ್ಮ ಕಡೆ ಮೋಲ್ಡ್, ಅಂದರೆ ಚಾವಣಿಯ ಕಾಂಕ್ರೀಟ್, ಹಾಕುವ ದಿನ ಬಾಡೂಟ ಹಾಕಲೇಬೇಕು. ಹಾಕದಿದ್ದರೆ ಚಾವಣಿ ಸೋರುತ್ತದೆ ಎಂದು ಕೆಲಸಗಾರರು ಹೇಳುತ್ತಾರೆ. ನಿಜವೋ ಸುಳ್ಳೋ, ಪರೀಕ್ಷೆ ಮಾಡಿ ನೋಡುವ ಧೈರ್ಯ ಈವರೆಗೆ ಯಾರೂ ಮಾಡಿಲ್ಲ. ಅವತ್ತು ಕಾಂಕ್ರೀಟ್ ಆ ಮೂಲೆಯಿಂದ ಬರುತ್ತಿತ್ತು, ನಾನು ಈ ಮೂಲೆಯಲ್ಲಿ ಟಿನ್ನಿನ ಪಕ್ಕ ನಿಂತಿದ್ದೆ. ಕೆಳಗಿನಿಂದ ಸಾರಿನ ವಾಸನೆ ಬಂತು. ಅದರ ಹಿಂದೆಯೇ ಭಾವನ ಕೂಗು: "ಲೇ ಸೀನ, ಸಾರು ಬಡಿಸೋಕೆ ಪಾತ್ರೆ ಸಾಲ್ತಿಲ್ಲ, ಏನಾದ್ರೂ ತಗೊಂಬಾರೋ!" ಸುತ್ತ ನೋಡಿದೆ. ಟಿನ್ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಮರಳು ಸುರಿದು, ಚೆನ್ನಾಗಿ ತೊಳೆದು, ಕೆಳಗೆ ಒಯ್ದೆ. ಉಪ್ಪು ನೋಡು ಎಂದರು, ನೋಡಿದೆ. ಖಾರ ನೋಡು ಎಂದರು, ಅದನ್ನೂ ನೋಡಿದೆ. ನೋಡುವುದೆಲ್ಲ ಮುಗಿಸಿ ಮೇಲೆ ಬಂದರೆ, ಒದ್ದೆ ಕೈಯಲ್ಲಿ ಸವರಿದ ಮುದ್ದೆಯ ಹಾಗೆ ಚಾವಣಿ ನುಣ್ಣಗೆ ಮಿನುಗುತ್ತಿತ್ತು.

"ಟಿನ್ ಎಲ್ಲಯ್ಯಾ?" ಎಂದರು ಮೇಸ್ತ್ರಿ.

"ಅದ್ರಲ್ಲಿ ಸಾರಿದೆ ಮೇಸ್ತ್ರಿ."

ಅವರು ಆಕಾಶ ನೋಡಿದರು. "ಇನ್ನೂ ಹಸೀನೇ ಐತೆ, ಸೌಟಲ್ಲಿ ತೋಡಿದ್ರೂ ಬರುತ್ತೆ. ನಿಮ್ಮಕ್ಕಂಗೆ ಒಂದು ಮಾತು ಹೇಳ್ಬಿಟ್ಟು ಬಾ, ತೆಗೆದುಬಿಡೋಣ."

ಹೇಳಲೆಂದೇ ಇಳಿದೆ. ದೇವರಾಣೆಗೂ ಹೇಳಲೆಂದೇ. ಅಕ್ಕ ಪಂಕ್ತಿಯಲ್ಲಿ ಬಡಿಸುತ್ತಿದ್ದಳು. ನನ್ನನ್ನು ಕಂಡವಳೇ ಎಲ್ಲರಿಗೂ ಕೇಳುವ ಹಾಗೆ, "ನನ್ನ ತಮ್ಮ ಬೆಳಗ್ಗಿಂದ ಬಿಸ್ಲಲ್ಲಿ ನಿಂತು ನನ್ನ ಗವಾಕ್ಷಿ ಕಾಯ್ತಿದ್ದಾನೆ, ಪಾಪ" ಎಂದು ನನ್ನ ಎಲೆಗೆ ದೊಡ್ಡದೊಂದು ನಲ್ಲಿ ಮೂಳೆ ಹಾಕಿದಳು. ಬಾಯಲ್ಲಿ ಮೂಳೆ ಇಟ್ಟುಕೊಂಡು ಯಾರಾದರೂ ನಿಜ ಹೇಳುವುದುಂಟೇ? ಮೇಸ್ತ್ರಿಗೆ ಹೋಗಿ, "ಅಕ್ಕ ಬೇಡ ಅಂದ್ಲು" ಎಂದೆ. ಅವರು ಕೈ ತೊಳೆದುಕೊಂಡು ಊಟಕ್ಕೆ ಕೂತರು. ನಾನು ಮೂಳೆ ಚೀಪಿ ಮುಗಿಸುವಷ್ಟರಲ್ಲಿ ಕಾಂಕ್ರೀಟ್ ಕಚ್ಚಿಕೊಂಡಿತು.

ಸೆಂಟ್ರಿಂಗ್ ಬಿಚ್ಚಿದ ದಿನ ಅಕ್ಕ ತಲೆಯೆತ್ತಿ ಬಹಳ ಹೊತ್ತು ನೋಡಿದಳು. "ಎಲ್ಲೋ ಅದು?" ಎಂದಳು. "ಇಂಜಿನಿಯರ್ ಬಂದು ನೋಡಿ ಬೇಡ ಅಂದ್ಬಿಟ್ರಕ್ಕ. ಆರ್‌ಸಿಸಿಗೆ ತೂತು ಬಿಟ್ರೆ ಬಲ ಹೋಗುತ್ತಂತೆ" ಎಂದೆ. ಆ ಮನೆಗೆ ಇಂಜಿನಿಯರೇ ಇರಲಿಲ್ಲ. ಆದರೂ, ಕಾಣದ ದೇವರನ್ನು ನಂಬಿದ ಹಾಗೆ ಅಕ್ಕ ಆತನನ್ನು ನಂಬಿದಳು. "ಮನೆ ಗಟ್ಟಿಯಾಗಿದ್ರೆ ಸಾಕು ಬಿಡು" ಎಂದು ಲೈಟು ಹಾಕಿಕೊಂಡು ಒಲೆ ಹಚ್ಚಿದಳು. ಅಂದಿನಿಂದ ಅವಳ ಅಡುಗೆಮನೆಯಲ್ಲಿ ಹಾಡುಹಗಲೂ ಲೈಟು. ಕರೆಂಟು ಹೋದರೆ ಅಕ್ಕಿ ಹಿಡಿದುಕೊಂಡು ಹೊಸಿಲಿಗೆ ಬಂದು ಕಲ್ಲು ಆರಿಸುತ್ತಾಳೆ.

ಅಷ್ಟಕ್ಕೇ ನಿಂತಿದ್ದರೆ ನನ್ನ ಪಾಪ ಒಂದು ಮನೆಯದಾಗುತ್ತಿತ್ತು. ಅಕ್ಕ ಅದನ್ನು ಬೀದಿಗೆಲ್ಲ ಹಂಚಿದಳು. ಯಾರೇ ಮನೆ ಕಟ್ಟಿಸಲಿ, "ಚಾವಣಿಗೆ ತೂತು ಗೀತು ಬಿಡ್ಬೇಡಿ, ಬಲ ಹೋಗುತ್ತೆ. ನನ್ನ ತಮ್ಮ ಇಂಜಿನಿಯರ್ ಬಾಯಿಂದ್ಲೇ ಕೇಳಿದಾನೆ" ಎಂದು ಬುದ್ಧಿ ಹೇಳತೊಡಗಿದಳು. ಆ ಬೀದಿಯಲ್ಲಿ ಎಷ್ಟೋ ಹೆಂಗಸರು ನನ್ನ ಬಾಡೂಟದ ದೆಸೆಯಿಂದ ಕತ್ತಲಲ್ಲಿ ಒಗ್ಗರಣೆ ಹಾಕುತ್ತಿದ್ದಾರೆ. ಇತ್ತ ನಾನು ಹೊಟ್ಟೆಪಾಡಿಗೆ ಹಿಡಿದದ್ದು ಇದೇ ತೂತು ಕೊರೆಯುವ ಕಸುಬು! ಟೆಂಪೋ ಮೇಲೆ ದಪ್ಪ ಅಕ್ಷರದಲ್ಲಿ, "ಎಷ್ಟೇ ದಪ್ಪ ಕಾಂಕ್ರೀಟ್ ಆದರೂ ತೂತು ಹಾಕಿಕೊಡಲಾಗುವುದು" ಎಂದು ಬರೆಸಿದೆ. ಆ ಟೆಂಪೋದಲ್ಲಿ ಅಕ್ಕನ ಮನೆಗೆ ಹೋಗುವುದು ಹೇಗೆ? ಸ್ವಂತ ಗಾಡಿ ಇಟ್ಟುಕೊಂಡು ಬಸ್ಸಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದೆ. ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ಕಂಪನಿಗಳಲ್ಲಿ ಮೆಷಿನ್ ಕೆಲಸ" ಎಂದು ಅಕ್ಕನೇ ಹೆಮ್ಮೆಯಿಂದ ಉತ್ತರ ಕೊಡುತ್ತಿದ್ದಳು.

ಕಳೆದ ತಿಂಗಳು ಅಕ್ಕನ ಫೋನು ಬಂತು. ರತ್ನಮ್ಮ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದಳು.

"ಸೀನಾ, ನಾಡಿದ್ದು ರತ್ನಮ್ಮಂದು ಮೋಲ್ಡು. ಅಡುಗೆಮನೆಗೆ ಬೆಳಕಿಂಡಿ ಬಿಡಿಸ್ತಾಳಂತೆ. ಬೇಡ ಕಣೇ ಅಂದೆ, ನೀನು ಹೇಳಿದ್ದೆಲ್ಲ ಹೇಳ್ದೆ. ಅವಳ ಮೇಸ್ತ್ರಿ ಎಲ್ರ ಮುಂದೆ ನಕ್ಕುಬಿಟ್ಟ ಕಣೋ! ಯಾವನಮ್ಮಾ ನಿನ್ ತಮ್ಮ, ನಿಂಗೆ ಕಿವಿಗೆ ಹೂವಿಟ್ಟಿದಾನೆ ಅಂತ ಅಂದ. ನಂಗೆ ಎಷ್ಟು ಉರೀತು ಗೊತ್ತಾ? ನಾಳೆ ಬಂದು ಅವನಿಗೆ ಬುದ್ಧಿ ಹೇಳು."

ಹೂಂ ಎಂದೆ. ಮಾರನೆಯ ದಿನ ಟೆಂಪೋದಲ್ಲೇ ಹೋದೆ. ಆದರೆ ಬರಹ ಇದ್ದ ಮಗ್ಗುಲು ಗೋಡೆಗೆ ತಾಗುವಂತೆ ನಿಲ್ಲಿಸಿದೆ. ಎಲ್ಲ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅಕ್ಕ ಕಾಫಿ ಲೋಟ ಹಿಡಿದುಕೊಂಡು ಎದುರು ನಿಂತಳು ನೋಡಿ, ಬಾಯಿಂದ ಬಂದದ್ದು ಇನ್ನೊಂದು ಸುಳ್ಳು: "ಈಗ ಜಪಾನಿಂದ ಹೊಸ ಮೆಷಿನ್ ಬಂದಿದೆ ಅಕ್ಕ. ಇದ್ರಲ್ಲಿ ಕೊರೆದ್ರೆ ಬಲ ಹೋಗಲ್ಲ. ಮೊದ್ಲು ನಿನ್ ಮನೆಗೇ ಹಾಕ್ತೀನಿ."

"ಹೌದೇನೋ!" ಎಂದು ಅಕ್ಕ ಮಗುವಿನ ಹಾಗೆ ಸಂಭ್ರಮಪಟ್ಟು ಪಾತ್ರೆಗಳ ಮೇಲೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿದಳು. ತುಂಡು ಬೀಳುವ ಕಡೆ ಗೋಣಿಚೀಲ ಪೇರಿಸಿ, ಅಕ್ಕನನ್ನು ನಡುಮನೆಯಲ್ಲಿ ನಿಲ್ಲಿಸಿ ಮೇಲೆ ಹತ್ತಿದೆ. ಪಕ್ಕದ ಸೆಂಟ್ರಿಂಗ್ ಹಲಗೆಗಳ ಮೇಲೆ ರತ್ನಮ್ಮ ತನ್ನ ಮೇಸ್ತ್ರಿಯ ಜೊತೆ ನಿಂತು ಕಂಬಿ ಕಟ್ಟಿಸುತ್ತಿದ್ದಳು. ಜಾಗ ಹುಡುಕಲು ನನಗೆ ಅಳತೆ ಪಟ್ಟಿ ಬೇಕಾಗಲಿಲ್ಲ. ಸ್ಟ್ಯಾಂಡ್ ಬಿಗಿದು, ನೀರು ಬಿಟ್ಟು, ಮೆಷಿನ್ ಹಾಕಿದೆ. ಬೂದು ನೀರು ಹರಿಯಿತು. ಒಂದು ಕಡೆಯೂ ದನಿ ಬದಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ತುಂಡು ಕೆಳಗೆ ಚೀಲದ ಮೇಲೆ ಧೊಪ್ಪೆಂದು ಬಿತ್ತು. ಮೆಷಿನ್ ನಿಲ್ಲಿಸಿ ಪಕ್ಕಕ್ಕೆ ಸರಿಸಿ, ಬೋರಲು ಮಲಗಿ ತೂತಿನ ಅಂಚಿನಿಂದ ಇಣುಕಿದೆ.

ಅಕ್ಕ ಬಿಸಿಲಿನಲ್ಲಿ ನಿಂತಿದ್ದಳು. ಕೈಯಲ್ಲಿ ಕಾಂಕ್ರೀಟಿನ ತುಂಡು. ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಸೀನಾ, ಇದ್ರಲ್ಲಿ ಕಂಬಿ ಇಲ್ವಲ್ಲೋ."

ನಾನು ತೂತಿನ ಅಂಚಿನ ಕೆಸರನ್ನು ಬೆರಳಿನಿಂದ ಸವರಿದೆ.

"ಕಂಬಿ ಕಟ್ಟೋರಿಗೆ ಟೀ ಕೊಟ್ಟವಳು ನಾನು. ಅರ್ಧ ಗೇಣಿಗೊಂದು ಕಟ್ಟಿದ್ರು. ಗವಾಕ್ಷಿ ಜಾಗ ಒಂದೇ ಬಿಟ್ಟಿದ್ದು. ಆ ಇಂಜಿನಿಯರ್ರಿಗೆ ಬಲದ ಚಿಂತೆ ಇದ್ದಿದ್ರೆ, ತೂತು ಬೇಡ ಅಂದೋರು ಇಲ್ಲೂ ಕಂಬಿ ಹಾಕಿಸ್ತಿರ್ಲಿಲ್ವಾ?"

ನಾಲ್ಕನೇ ಕ್ಲಾಸು ಓದಿದ ಅಕ್ಕ, ಇಲ್ಲದ ಇಂಜಿನಿಯರನನ್ನು ಒಂದೇ ಪ್ರಶ್ನೆಯಲ್ಲಿ ಕೆಲಸದಿಂದ ತೆಗೆದಳು. ಎದುರೆದುರು ನಿಂತಿದ್ದರೆ ನಾನು ಜಪಾನಿನವರನ್ನು ಮತ್ತೆ ಕರೆಯುತ್ತಿದ್ದೆನೋ ಏನೋ. ಆರಿಂಚು ತೂತಿನಲ್ಲಿ ಮುಖವಿಟ್ಟು ಮಲಗಿದವನಿಗೆ ಓಡಲು ದಾರಿಯಿರಲಿಲ್ಲ. ಟಿನ್ನು, ಸಾರು, ಮೂಳೆ, ಮೇಸ್ತ್ರಿಗೆ ಹೇಳಿದ ಸುಳ್ಳು, ಎಲ್ಲವನ್ನೂ ಆ ತೂತಿನಿಂದಲೇ ಕೆಳಗೆ ಬಿಟ್ಟೆ.

ಅಕ್ಕ ತುಂಡಿನಿಂದ ಕಣ್ಣೆತ್ತಿ ಮೇಲೆ ನೋಡಿದಳು. ಆಮೇಲೆ, "ಆ ಟಿನ್ನಿಂದ ಸಾರು ಬಡಿಸಿದ್ದು ನಾನೇ ಅಲ್ವೇನೋ?" ಎಂದಳು.

"ಹೂಂ ಅಕ್ಕ."

"ಥೂ, ನಿನ್ನ ಹೊಟ್ಟೆಗಿಷ್ಟು ಮಣ್ಣು ಹಾಕ!" ಎಂದು ತುಂಡನ್ನು ಕಟ್ಟೆಯ ಮೇಲೆ ಕುಕ್ಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳೋ, ಸಿಡಿದ ಬೂದು ನೀರನ್ನು ಒರೆಸಿಕೊಂಡಳೋ ಮೇಲಿನಿಂದ ಗೊತ್ತಾಗಲಿಲ್ಲ. "ಅಷ್ಟು ಜನರ ಮುಂದೆ ನಿನ್ನ ಪರ ಜಗಳ ಆಡಿದ್ನಲ್ಲೋ. ರತ್ನಮ್ಮ ಮೇಲೇ ಇದಾಳಾ?"

"ಇದಾರೆ."

"ಎದ್ದು ನಿಂತ್ಕೊಂಡು ಹೇಳು. ನಂಗೆ ಇಲ್ಲಿಗೆ ಕೇಳಿಸ್ಬೇಕು."

ಎದ್ದು ನಿಂತೆ. ಎದೆಯಿಂದ ಮಂಡಿಯವರೆಗೆ ಬೂದು ಕೆಸರು. ಅತ್ತ ಕಂಬಿ ಬಗ್ಗಿಸುತ್ತಿದ್ದ ಸದ್ದು ನಿಂತಿತು. ರತ್ನಮ್ಮ ಸೊಂಟಕ್ಕೆ ಕೈಯಿಟ್ಟು, "ಏಮಪ್ಪಾ ಸೀನಪ್ಪಾ, ಏನು ಸಮಾಚಾರ?" ಎಂದಳು. ಮೆಷಿನ್ ನಿಂತುಹೋಗಿತ್ತು, ಗದ್ದಲದ ನೆಪವೂ ಇರಲಿಲ್ಲ.

"ರತ್ನಮ್ಮೋರೇ, ನೀವು ಬೆಳಕಿಂಡಿ ಬಿಡಿಸ್ರಿ, ಏನೂ ಆಗಲ್ಲ. ನಮ್ಮಕ್ಕ ಸುಳ್ಳು ಹೇಳಿದ್ದಲ್ಲ, ಅವಳಿಗೆ ಸುಳ್ಳು ಹೇಳಿದ್ದು ನಾನು."

"ಇನ್ನೂ ಗಟ್ಟಿಯಾಗಿ!" ಎಂದಿತು ಕಾಲಡಿಯ ತೂತಿನಿಂದ ಅಕ್ಕನ ದನಿ.

ನಾನು ತಲೆ ತಗ್ಗಿಸಿ, ಬೀದಿಯ ಆ ಕೊನೆಗೂ ಕೇಳುವ ಹಾಗೆ ಕೂಗಿದೆ: "ತಪ್ಪಾಯ್ತಕ್ಕಾ! ನಂದೇ ತಪ್ಪು!"