ಕರಡಿ ಕಾಯುವ ಅಜ್ಜನಿಂದ ಬಿಳಿ ಕುರಿಯವರಿಗೆ

ನಾಗಣಸೂರ, ತಾಲೂಕು ಅಕ್ಕಲಕೋಟೆ
ದೀಪಾವಳಿ ಕಳೆದ ವಾರ, ೧೯೫೭

ಮೊಲದ ಪುಟದ ಬೆನ್ನಿಗೆ, ಆನೆಯ ಪುಟದ ಎದುರಿಗೆ ವಾಸವಾಗಿದ್ದ, ಹಾಲಿನ ಕೆನೆಯಂಥ ಮೈಯುಳ್ಳ, ಕೊರಳಲ್ಲಿ ನೀಲಿ ರಿಬ್ಬನ್ ಧರಿಸಿದ ಶ್ರೀಮಾನ್ ಬಿಳಿ ಕುರಿಯವರ ಸನ್ನಿಧಾನಕ್ಕೆ, ಕರಿ ಕುರಿ ಕಾಯುವ ಧೂಳಪ್ಪನು ರುಮಾಲು ಸರಿಮಾಡಿಕೊಂಡು ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ಇಲ್ಲಿ ನಾನು, ನನ್ನ ಹೆಂಡತಿ ರೇವಮ್ಮ, ಸೊಸೆ ದ್ರೌಪದಿ, ಮೊಮ್ಮಗಳು ಸೋಮವ್ವ, ನಾಯಿ, ಕುರಿ ಎಲ್ಲರೂ ಕ್ಷೇಮ. ತಾವು ಈಗ ಇರುವ ಜಾಗ ತುಸು ಕತ್ತಲೆಯದಾದರೂ ಬೆಚ್ಚಗಿರಬಹುದೆಂದು ನಂಬಿದ್ದೇನೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಾವು ನಮ್ಮ ಮನೆಗೆ ದಯಮಾಡಿಸಿದ್ದು ಸೊಲ್ಲಾಪುರದ ಕಂಬಳಿ ವ್ಯಾಪಾರಿ ಚನ್ನವೀರಪ್ಪ ಸಾವಕಾರರ ಕೃಪೆಯಿಂದ. ಇನ್ನೂ ಮೂರು ತುಂಬದ ನಮ್ಮ ಸೋಮವ್ವನಿಗೆಂದು ಅವರು ಬಣ್ಣಬಣ್ಣದ ಪ್ರಾಣಿಗಳ ಚಿತ್ರಪುಸ್ತಕವೊಂದನ್ನು ಕೊಟ್ಟು, "ಕೂಸಿನ್ನ ತೊಡಿಮ್ಯಾಲ ಕುಂಡರಿಸ್ಕೊಂಡು ಬೊಟ್ಟ ಮಾಡಿ ತೋರಿಸು ಧೂಳಪ್ಪ, ಮುಂದಿಂದು ಪುಸ್ತಕಾನ ನೋಡ್ಕೋತೈತಿ" ಎಂದರು. ಕತೆಯೆಂದರೆ ಬಾಯಿಂದ ಬಾಯಿಗೆ ಹೋಗುವ ವಸ್ತು ಎಂದು ತಿಳಿದಿದ್ದ ನನಗೆ, ಅದು ಬೆರಳಿನ ತುದಿಯಲ್ಲೂ ಇರುತ್ತದೆಂದು ಗೊತ್ತಾದದ್ದು ಆಗಲೇ. ಅವಳು ಪುಟ ತಿರುವಬೇಕು, ನಾನು ಕೂಗಬೇಕು; ಇದು ನಮ್ಮ ಕರಾರು. ಆನೆಯ ಪುಟಕ್ಕೆ ನಾನು ಘೀಳಿಟ್ಟರೆ ನಮ್ಮ ನಾಯಿ ಬಂಡಿಯ ಕೆಳಗೆ ಸೇರುತ್ತಿತ್ತು. ಕೋಳಿಯ ಪುಟಕ್ಕೆ ಕೂಗಿದರೆ ಪಕ್ಕದ ಮನೆಯ ಹುಂಜ ಬೇಲಿಯ ಮೇಲೇರಿ ಜಗಳಕ್ಕೆ ಕರೆಯುತ್ತಿತ್ತು. "ಕೂಸಿಗಿ ಪುಸ್ತಕ ಕೊಟ್ರ ಮುದುಕಗ ಹುಚ್ಚ ಹಿಡೀತಲ್ಲವ್ವಾ" ಎಂದು ರೇವಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ನಗುತ್ತಿದ್ದಳು. ಕೂಸು ಪುಟಗಳ ಮೂಲೆಗಳನ್ನು ಚೀಪಿ ಚೀಪಿ ಮೆತ್ತಗೆ ಮಾಡಿ, ಪುಸ್ತಕವನ್ನೇ ಕೆನ್ನೆಗೆ ಇಟ್ಟುಕೊಂಡು ಮಲಗುತ್ತಿತ್ತು. ಈ ಸುಖಕ್ಕೆ ತಮ್ಮ ಮನೆತನಕ್ಕೆಲ್ಲ ನಾನು ಋಣಿ. ನನ್ನ ತಕರಾರು ತಮ್ಮ ಒಂದು ಪುಟದ್ದು ಮಾತ್ರ.

ತಮ್ಮ ಚೆಲುವನ್ನು ಏನೆಂದು ವರ್ಣಿಸಲಿ! ಮೈಮೇಲೆ ಒಂದು ಜಾಲಿಮುಳ್ಳಿಲ್ಲ, ಕಾಲಿಗೆ ಕೆಸರಿಲ್ಲ, ಹಿಂದೆ ಹಿಕ್ಕೆಯಿಲ್ಲ. "ಇದು ಕುರಿ" ಎಂದು ನಾನು ಬೊಟ್ಟು ಮಾಡಿದೆ. ಅಜ್ಜ ಹೇಳಿದ್ದನ್ನು ಕೂಸು ನಂಬಿತು. ಆಮೇಲೊಂದು ಪುಟದಲ್ಲಿ ಕಪ್ಪು ಉಣ್ಣೆಯ, ಸಣ್ಣ ಕಣ್ಣಿನ ಕರಡಿ ಇತ್ತು. ಅದಕ್ಕೆ ನಾನು ಗುರುಗುಟ್ಟಿದ ಸೊಗಸಿಗೆ ಕೂಸು ನನ್ನ ಅಂಗಿಯೊಳಗೆ ತಲೆ ಹುದುಗಿಸಿತು. ಮರುದಿನ ಬೆಳಿಗ್ಗೆ ನಾನು ಕುರಿದಡ್ಡಿಯ ಬಾಗಿಲು ತೆರೆದದ್ದೇ ತಡ, ಅದು ನನ್ನ ಹೆಗಲೇರಿ, "ಅಜ್ಜಾ, ಕರಡಿ! ಅಲ್ನೋಡ, ಎಷ್ಟ ಕರಡಿ!" ಎಂದು ಚೀರಿತು. "ಇವು ನಮ್ಮ ಕುರಿ ಅದಾವ ತಂಗಿ" ಎಂದರೆ ಪುಸ್ತಕ ತೆರೆದು ತಮ್ಮ ಮೇಲೆ ಬೆರಳಿಟ್ಟು, "ಕುರಿ ಇದು" ಎಂದಿತು. ಅಲ್ಲಿಗೆ ತೀರ್ಪು ಮುಗಿಯಿತು. ಹಾದಿಯಲ್ಲಿ ಹೋಗುವವರಿಗೆಲ್ಲ "ನಮ್ಮಜ್ಜ ಕರಡಿ ಕಾಯ್ತಾನ" ಎಂದು ಹೇಳತೊಡಗಿತು. ಅಕ್ಕಲಕೋಟೆಯ ಬಾಜಾರದಲ್ಲಿ ಜನ ನನ್ನನ್ನು ನಿಲ್ಲಿಸಿ, "ಧೂಳಪ್ಪಣ್ಣ, ಕರಡಿ ಹಾಲ ಹ್ಯಾಂಗ ಕೊಟ್ಟಿರಿ?" ಎಂದು ಕೇಳುವಷ್ಟು ನನ್ನ ಕೀರ್ತಿ ಹಬ್ಬಿತು.

ಆದ್ದರಿಂದ ಆಗಲೇ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳನ್ನು ಮಾಡಬೇಕೆಂದಿದ್ದೆ. ತಾವು ಪುಟದಿಂದ ಇಳಿದು ಒಂದು ಬೇಸಿಗೆ ನಮ್ಮೊಡನೆ ಭೀಮಾನದಿಯ ತನಕ ನಡೆದು ಬರಬೇಕು. ಒಂದು ಮಳೆಯಲ್ಲಿ ನೆನೆದು ಕುರಿಗೆ ಇರಬೇಕಾದ ವಾಸನೆಯನ್ನು ಸಂಪಾದಿಸಬೇಕು. ರೇವಮ್ಮನ ಕತ್ತರಿಗೆ ಮೈಯೊಡ್ಡಿ ಕಂಬಳಿಯ ಒಂದು ಅಂಚಿಗಾದರೂ ಉಣ್ಣೆ ಕೊಡಬೇಕು. ಇಷ್ಟು ಆಗದಿದ್ದರೆ ಒಂದೇ ಒಂದು ಸಲ "ಬ್ಯಾ" ಎನ್ನಬೇಕು. ತಮ್ಮ ಪರವಾಗಿ ಇಷ್ಟು ದಿನ ನಾನೇ ಅಂದಿದ್ದೇನೆ.

ಇದನ್ನು ತಾವು ಮುದುಕನ ತಮಾಷೆಯೆಂದು ತಿಳಿಯಬಾರದು. ನಮ್ಮ ಮನೆತನದಲ್ಲಿ ಜಾವಳ, ಅಂದರೆ ಹುಟ್ಟುಗೂದಲು, ತೆಗೆದ ದಿನ ಕೂಸನ್ನು ಕುಲದೇವರು ಬೀರೋಬಾನ ಹೆಸರು ಹೇಳಿ ಕುರಿದಡ್ಡಿಯೊಳಗೆ ಇಳಿಸುತ್ತಾರೆ. ಅದು ತಾನಾಗಿ ಯಾವ ಮರಿಯ ಮೇಲೆ ಕೈಯಿಟ್ಟು "ನಂದು" ಎನ್ನುತ್ತದೋ ಆ ಮರಿ, ಅದರ ಮರಿ, ಮರಿಯ ಮರಿ ಎಲ್ಲವೂ ಆ ಕೂಸಿನದೇ. ಅದನ್ನು ಮಾರುವ ಹಕ್ಕು ಅಪ್ಪನಿಗೂ ಇಲ್ಲ, ಮುಂದೆ ಗಂಡನಿಗೂ ಇಲ್ಲ. ಹೊತ್ತು ಮುಳುಗುವ ತನಕ ಕೈಯಿಡದಿದ್ದರೆ ಬೀರೋಬಾ ಕೊಡಲಿಲ್ಲವೆಂದು ಅರ್ಥ. ಆ ಕೂಸಿಗೆ ಹಿಂಡಿನಲ್ಲಿ ಪಾಲಿಲ್ಲ. ಹೆಣ್ಣುಮಗಳಿಗೆ ತನ್ನದೆಂದು ಹೇಳಿಕೊಳ್ಳಲು ನಮ್ಮಲ್ಲಿ ಇರುವ ಆಸ್ತಿ ಅದೊಂದೇ.

ಆ ದಿನ ಬಂತು. ಬೋಳುತಲೆಗೆ ದೇವರ ಅರಿಸಿನದ ಭಂಡಾರ ಹಚ್ಚಿಕೊಂಡ ಸೋಮವ್ವ ಬಗಲಲ್ಲಿ ತಮ್ಮನ್ನು ಇಟ್ಟುಕೊಂಡೇ ದಡ್ಡಿಗೆ ಬಂದಳು. ಇಳಿಸಿದೊಡನೆ "ಕರಡಿ!" ಎಂದು ಕಿರುಚಿ ನನ್ನ ರುಮಾಲಿಗೆ ಜೋತುಬಿದ್ದಳು. ಮಧ್ಯಾಹ್ನ ಇಳಿಯಿತು. ಪೂಜಾರಿ ಕಲ್ಲಣ್ಣ, "ದೇವರು ಕೊಡಲಿಲ್ಲಂದ್ರ ನಾವೇನ್ ಮಾಡೂದು ಧೂಳಪ್ಪ, ಹೊತ್ತ ಮುಳುಗೂತನಾ ನೋಡೂಣು" ಎಂದು ಎಲೆಯಡಿಕೆ ಹಾಕಿಕೊಂಡು ಕುಳಿತ. ಆಗ ರೇವಮ್ಮ, "ಬಿಳೇ ಕುರಿ ಬೇಕೇನು? ಮಾಡ್ತೀನಿ ತಡಿ" ಎಂದು ಒಳಗೆ ಹೋಗಿ ಸೊಸೆಯ ಪೌಡರ್ ಡಬ್ಬಿ ತಂದು ಒಂದು ಮರಿಯ ಮೇಲೆ ಪೂರ್ತಿ ಸುರಿದಳು. "ಅತ್ತಿ, ಅದು ನನ್ನ ತವರಮನಿದು ಐತ್ರಿ!" ಎಂದು ದ್ರೌಪದಿ ಕೂಗುವಷ್ಟರಲ್ಲಿ ಡಬ್ಬಿ ಬರಿದಾಗಿತ್ತು. ಮರಿ ತಮ್ಮ ತದ್ರೂಪಾಯಿತು. ಕೂಸು "ಕುರಿ!" ಎಂದು ಚಪ್ಪಾಳೆ ತಟ್ಟಿ ನನ್ನ ಕೈಬಿಟ್ಟು ಇಳಿಯಿತು.

ಆದರೆ ಹಸಿದಿದ್ದ ಮರಿ ಕೂಸಿನ ಕೈಗೆ ಸಿಗದೆ ತಾಯಿ ಕರಿಯವ್ವನ ಕೆಚ್ಚಲಿಗೆ ಓಡಿತು. ಕರಿಯವ್ವ ಮೂಸಿದಳು. ಗುಲಾಬಿಯ ವಾಸನೆ ಬಂತು. ತಾನು ಗುಲಾಬಿ ಹೆತ್ತವಳಲ್ಲವೆಂದು ತಲೆಯಿಂದ ಗುದ್ದಿ ಕೆಡವಿದಳು. ಮರಿ ಎದ್ದು ಮತ್ತೆ ಹೋಯಿತು, ಮತ್ತೆ ಬಿತ್ತು, ಒದರತೊಡಗಿತು. ನಾವೆಲ್ಲ ಬಾಯಿ ತೆರೆದು ನಿಂತಿದ್ದಾಗ ಸೋಮವ್ವ ಪುಸ್ತಕ ತೆರೆದು, ತನ್ನ ಕರಡಿಗಳ ನಡುವೆಯೇ ನಡೆದುಹೋಗಿ, ಕರಿಯವ್ವನ ಮೂಗಿನೆದುರು ತಮ್ಮ ಪುಟ ಹಿಡಿದು, ನಾನು ಅವಳಿಗೆ ಹೇಳುತ್ತಿದ್ದ ಧಾಟಿಯಲ್ಲೇ, "ನೋಡು ಜಾಣಿ, ಇದು ಕುರಿ. ನಿನ್ನ ಪಾಪು. ಬಡೀಬ್ಯಾಡ" ಎಂದು ಬೊಟ್ಟು ಮಾಡಿ ತೋರಿಸಿದಳು.

ಕರಿಯವ್ವ ತಮ್ಮನ್ನು ಆಮೂಲಾಗ್ರವಾಗಿ ನೋಡಿದಳು. ಆಮೇಲೆ ತಿಂದಳು. ರಿಬ್ಬನ್ ಸಮೇತ.

ಕೂಸು ಅಳುತ್ತದೆಂದು ನಾನು ಓಡಿದೆ. ಅದಕ್ಕೆ ಅಳಲು ಪುರಸೊತ್ತಿರಲಿಲ್ಲ. ಮರಿ ಇನ್ನೂ ಒದರುತ್ತಿತ್ತು. ರೇವಮ್ಮ ಕರಿಯವ್ವನ ಹಾಲನ್ನೇ ಬೊಗಸೆಗೆ ಹಿಂಡಿ ಮರಿಯ ಮೈಗೆ ಸವರತೊಡಗಿದಳು. ತಾಯಿ ಮರೆತ ಮರಿಗೆ ನಾವು ಮಾಡುವುದು ಅದನ್ನೇ. ಸೋಮವ್ವನೂ ಅಂಗೈ ಒದ್ದೆ ಮಾಡಿಕೊಂಡು ತಿಕ್ಕಿದಳು. ಬಿಳುಪು ಹೋಗಿ ಕಪ್ಪು ಮೇಲೆ ಬಂದಂತೆಲ್ಲ ಅವಳ ಮುಖವನ್ನೇ ನಾನು ನೋಡುತ್ತಿದ್ದೆ. ಅವಳು ಕೈ ತೆಗೆಯಲಿಲ್ಲ. ಕರಿಯವ್ವ ಮೂಸಿ, ನೆಕ್ಕಿ, ಕಾಲು ಅಗಲಿಸಿ ನಿಂತಳು. ಮರಿ ಬಾಲ ಕುಣಿಸುತ್ತ ಕುಡಿಯಿತು. ಹೊತ್ತು ಮುಳುಗಲು ಇನ್ನೂ ಎರಡು ಮಾರು ಇತ್ತು. ಕೂಸು ಆ ಕಪ್ಪು ಬೆನ್ನಿನ ಮೇಲೆ ಕೈಯಿಟ್ಟುಕೊಂಡೇ ನಮ್ಮತ್ತ ತಿರುಗಿ ಹೇಳಿತು: "ಕರಡಿ ನಂದು."

ಎಲ್ಲರೂ ಕಲ್ಲಣ್ಣನ ಮುಖ ನೋಡಿದೆವು. ಆತ ಎಲೆಯಡಿಕೆ ಉಗುಳಿ, "ಕೈ ಇಟ್ಟಾಳ, ನಂದು ಅಂದಾಳ. ಕುರಿ ಅನ್ನಬೇಕಂತ ಬೀರೋಬಾ ಎಲ್ಲಿ ಹೇಳ್ಯಾನ?" ಎಂದು ಮರಿಯ ಹಣೆಗೆ ಭಂಡಾರ ಹಚ್ಚಿದ.

ಹೀಗೆ ನಮ್ಮ ಸೋಮವ್ವ ಇಂದು ಒಂದು ಕರಡಿಯ ಒಡತಿ. ಬರುವ ವರ್ಷಗಳಲ್ಲಿ ಅದು ಹಿಂಡಾಗಲಿ. ಅದಕ್ಕಾಗಿ ತಾವು ಮಾಡಿದ ತ್ಯಾಗವನ್ನು ನಾವು ಮರೆಯುವುದಿಲ್ಲ: ಉಣ್ಣೆ ಕೊಡದಿದ್ದರೂ, ಹಾಲು ಕೊಡದಿದ್ದರೂ, ಕಡೆಗೆ ಒಂದು ಕುರಿಗೆ ಮೇವಾಗಿ ಕುರಿಕುಲಕ್ಕೆ ಸೇವೆ ಸಲ್ಲಿಸಿದಿರಿ.

ತಮ್ಮ ವಿಶ್ವಾಸಿ,
ಧೂಳಪ್ಪ
(ಕರಡಿ ಕಾಯುವವ)

ತಾ.ಕ.: ಸಾವಕಾರರು ಸುದ್ದಿ ಕೇಳಿ ಮರುಗಿ ಇನ್ನೊಂದು ಚಿತ್ರಪುಸ್ತಕ ಕಳಿಸಿದ್ದಾರೆ. ಅದರ ಮೊದಲ ಪುಟದಲ್ಲೇ ತೋಳವೊಂದು ಟೋಪಿ ಹಾಕಿಕೊಂಡು, ಕೈಯಲ್ಲಿ ಹೂ ಹಿಡಿದು, ಬಲು ಸ್ನೇಹದಿಂದ ನಗುತ್ತ ನಿಂತಿದೆ. ಈ ಪುಟವನ್ನು ಕೂಸಿಗಿಂತ ಮೊದಲು ನಾನೇ ಒಯ್ದು ಕರಿಯವ್ವನಿಗೆ ತೋರಿಸಲಿದ್ದೇನೆ. ತಮಗೆ ಅಲ್ಲಿ ಜೊತೆಯಾದೀತು.